ಸ್ಪಷ್ಟನೆ: ಹೊಸಪೇಟೆಯ ಹಳೇ ಜಿಲ್ಲೆಯನ್ನು ಅಳಿಸಬೇಡಿ

ವಿಕಿಡೇಟಾ ಅಂದರೆ ಯಾರು ಬೇಕಾದರೂ ತಿದ್ದಬಹುದಾದ, ವಿಕಿಪೀಡಿಯದ ಸೋದರ ಮಾಹಿತಿಕೋಶ. ‘ಅದರಲ್ಲಿ ಮಾಹಿತಿ ಬದಲಾದರೆ ಹಳೇದನ್ನು ಅಳಿಸಿ, ಇಲ್ಲವೇ ಡೆಪ್ರಿಕೇಟೆಡ್ (ಬಳಸಬಾರದ್ದು) ಅಂತ ಗುರುತು ಹಾಕಿ’ ಅನ್ನುವ ಸಲಹೆ ಓಡಾಡುತ್ತಿದೆ. ಎರಡೂ ತಪ್ಪು.

ಹೊಸಪೇಟೆಯನ್ನೇ ನೋಡಿ. 2021ರವರೆಗೆ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ವಿಜಯನಗರ ಜಿಲ್ಲೆಗೆ ಸೇರಿತು. ಬಳ್ಳಾರಿ ಅನ್ನೋದು ಸುಳ್ಳಲ್ಲ, ಹಳೇದು ಅಷ್ಟೇ. ಬಳ್ಳಾರಿ ಅಂತಿರುವ ಸಾಲು ಹಾಗೇ ಇರಲಿ. ಅದಕ್ಕೆ ಮುಗಿದ ದಿನಾಂಕ (ವಿಕಿಡೇಟಾದಲ್ಲಿ ಇದರ ಸಂಕೇತ ಪಿ582) ಸೇರಿಸಿ. ವಿಜಯನಗರಕ್ಕೆ ಬೇರೆ ಸಾಲು ಮಾಡಿ, ಶುರುವಾದ ದಿನಾಂಕ (ಪಿ580) ಹಾಕಿ, ‘ಪ್ರಿಫರ್ಡ್’ (ಮೊದಲ ಆದ್ಯತೆ) ದರ್ಜೆ ಕೊಡಿ. ಡೆಪ್ರಿಕೇಟೆಡ್ ಇರುವುದು ತಪ್ಪು ಅಂತ ಗೊತ್ತಾದ ಮಾಹಿತಿಗೆ. ಹೊಸಪೇಟೆ ಬೀದರ್ ಜಿಲ್ಲೆಯಲ್ಲಿದೆ ಅಂತ ಯಾವುದಾದರೂ ಪುಸ್ತಕದಲ್ಲಿ ಅಚ್ಚಾಗಿದ್ದರೆ, ಅಂಥದ್ದಕ್ಕೆ.

ಗೊಂದಲಕ್ಕೆ ಕಾರಣವೂ ಇದೆ. ವಿಕಿಡೇಟಾದಿಂದ ಮಾಹಿತಿ ಹುಡುಕಿ ತೆಗೆಯಲು ಬರೆಯುವ ಕ್ವೆರಿಯಲ್ಲಿ ‘ಡಬ್ಲ್ಯುಡಿಟಿ’ (wdt:) ಅನ್ನುವ ಸಂಕೇತ ಬಳಸಿದರೆ, ಪ್ರಿಫರ್ಡ್ ಸಾಲು ಇದ್ದಾಗ ಅದನ್ನು ಮಾತ್ರ ತೋರಿಸುತ್ತದೆ. ಬಳ್ಳಾರಿ ಕಾಣದೇ ಇದ್ದಾಗ ಅಳಿಸಿಹೋಯಿತು ಅನ್ನಿಸುವುದು ಸಹಜ.

‘ಅಳಿಸಿದರೂ ಪುಟದ ಹಿಸ್ಟರಿಯಲ್ಲಿ ಇರುತ್ತಲ್ವಾ?’ ಅಂತ ಕೆಲವರ ವಾದ. ಇರುತ್ತದೆ. ಆದರೆ ಅದು ಹೇಳುವುದು ಯಾರು ಯಾವಾಗ ತಿದ್ದಿದರು ಅಂತ. ಜಿಲ್ಲೆ ಬದಲಾದದ್ದು 2021ರಲ್ಲಿ, ಯಾರೋ ತಿದ್ದಿದ್ದು 2024ರಲ್ಲಿ ಅಂದುಕೊಳ್ಳಿ. ಹಿಸ್ಟರಿಯಲ್ಲಿ ಸಿಗುವುದು 2024 ಮಾತ್ರ.