ಡೇಟಾ ಡೊಮೈನ್‌ಗೆ ತೆತ್ತ ಬೆಲೆ ಹೆಚ್ಚಾಯಿತೇ?

2009ರಲ್ಲಿ, ಆರ್ಥಿಕ ಹಿಂಜರಿತದಿಂದ ಕಂಪನಿಗಳೆಲ್ಲ ಖರ್ಚಿಗೆ ಕತ್ತರಿ ಹಾಕುತ್ತಿದ್ದ ಹೊತ್ತಿನಲ್ಲಿ, ಅಮೆರಿಕದ ಎರಡು ದೊಡ್ಡ ಸ್ಟೋರೇಜ್ (ದತ್ತಾಂಶ ಸಂಗ್ರಹ) ಕಂಪನಿಗಳಾದ ನೆಟ್‌ಆ್ಯಪ್ ಮತ್ತು ಇಎಂಸಿ, ಬ್ಯಾಕಪ್ ದತ್ತಾಂಶವನ್ನು ಕೂಡಿಡುವ ಯಂತ್ರಗಳನ್ನು ಮಾಡುತ್ತಿದ್ದ ಡೇಟಾ ಡೊಮೈನ್ ಎಂಬ ಎಂಟು ವರ್ಷದ ಕಂಪನಿಗಾಗಿ ಜಿದ್ದಿಗೆ ಬಿದ್ದವು. ಷೇರಿಗೆ 25 ಡಾಲರ್‌ನಂತೆ ಸುಮಾರು 150 ಕೋಟಿ ಡಾಲರ್ ಕೊಡಲು ನೆಟ್‌ಆ್ಯಪ್ ಮೇ ತಿಂಗಳಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಇಎಂಸಿ 30 ಡಾಲರ್ ನಗದು ಕೊಡುತ್ತೇನೆಂದು ನಡುವೆ ಬಂತು. ನೆಟ್‌ಆ್ಯಪ್ ಕೂಡ 30ಕ್ಕೆ ಏರಿಸಿತು, ಆದರೆ ಅದರಲ್ಲಿ ಒಂದು ಪಾಲು ತನ್ನ ಷೇರುಗಳ ರೂಪದಲ್ಲಿತ್ತು. ಡೇಟಾ ಡೊಮೈನ್ ಆಡಳಿತ ಮಂಡಳಿ ಆಗಲೂ ನೆಟ್‌ಆ್ಯಪ್ ಕಡೆಗೇ ವಾಲಿತು. ಜುಲೈನಲ್ಲಿ ಇಎಂಸಿ 33.50 ಡಾಲರ್ ನಗದು ಮುಂದಿಟ್ಟ ಮೇಲಷ್ಟೇ ಸುಮಾರು 210 ಕೋಟಿ ಡಾಲರಿಗೆ ವ್ಯವಹಾರ ಕುದುರಿತು. ಸೋತ ನೆಟ್‌ಆ್ಯಪ್‌ಗೂ ಒಪ್ಪಂದ ಮುರಿದದ್ದಕ್ಕಾಗಿ 5.7 ಕೋಟಿ ಡಾಲರ್ ಸಿಕ್ಕಿತು.

ಇದು ಹಟಕ್ಕೆ ತೆತ್ತ ಬೆಲೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬ್ಯಾಕಪ್ ಎಂದರೆ ಬಹುಪಾಲು ಬದಲಾಗದ ದತ್ತಾಂಶವನ್ನೇ ಮತ್ತೆ ಮತ್ತೆ ನಕಲು ಮಾಡಿಡುವ ಕೆಲಸ. ಅಷ್ಟನ್ನೂ ಡಿಸ್ಕ್‌ನಲ್ಲಿ ಇಡುವುದು ದುಬಾರಿಯಾದ್ದರಿಂದಲೇ ಮ್ಯಾಗ್ನೆಟಿಕ್ ಟೇಪ್ ಅಷ್ಟು ಕಾಲ ಉಳಿದುಕೊಂಡಿತ್ತು. ಒಂದೇ ತುಣುಕನ್ನು ಎರಡು ಸಲ ಬರೆಯದಿರುವ ಡಿಡುಪ್ಲಿಕೇಶನ್ ಡೇಟಾ ಡೊಮೈನ್ ಒಂದರದೇ ಕಲ್ಪನೆಯೇನಲ್ಲ. ಬೆಲ್ ಲ್ಯಾಬ್ಸ್‌ನ ವೆಂಟಿ ವ್ಯವಸ್ಥೆಯ ಕುರಿತ ಪ್ರಬಂಧ 2002ರಲ್ಲೇ ಪ್ರಕಟವಾಗಿತ್ತು. ಕಷ್ಟವಿದ್ದದ್ದು ವೇಗದಲ್ಲಿ. ಸರಾಸರಿ 8 ಕಿಲೋಬೈಟ್‌ನ ತುಣುಕುಗಳಾಗಿ ಒಡೆದರೆ 8 ಟೆರಾಬೈಟ್ ದತ್ತಾಂಶಕ್ಕೆ ನೂರು ಕೋಟಿ ತುಣುಕುಗಳಾಗುತ್ತವೆ; ಬಂದ ತುಣುಕು ಹಿಂದೆ ಬರೆದದ್ದೋ ಎಂದು ನೋಡಲು, ಒಂದೊಂದರ ಗುರುತಿಗೆ 20 ಬೈಟ್ ಹಿಡಿದರೂ 20 ಗಿಗಾಬೈಟ್‌ನ ಸೂಚಿ ಬೇಕು. ಅಂದಿನ ಯಂತ್ರಗಳ ಮೆಮೊರಿಗೆ ಅದು ಭಾರ. ಸೂಚಿಯನ್ನು ಡಿಸ್ಕ್‌ನಲ್ಲಿಟ್ಟು ಪ್ರತಿ ತುಣುಕಿಗೂ ಹುಡುಕುತ್ತ ಕೂತರೆ ರಾತ್ರಿಯ ಬ್ಯಾಕಪ್ ಬೆಳಗಾದರೂ ಮುಗಿಯದು.

ಪ್ರಿನ್ಸ್‌ಟನ್ ಪ್ರಾಧ್ಯಾಪಕ, ಡೇಟಾ ಡೊಮೈನ್ ಸ್ಥಾಪಕರಲ್ಲೊಬ್ಬರಾದ ಕೈ ಲೀ ಮತ್ತು ಸಂಗಡಿಗರು ಈ ಗಂಟನ್ನು ಬಿಡಿಸಿದ ರೀತಿಯೇ ಆ ಕಂಪನಿಯ ನಿಜವಾದ ಆಸ್ತಿ. ಹೊಸ ತುಣುಕು ಬಂದಾಗ ಮೆಮೊರಿಯಲ್ಲಿರುವ ಪುಟ್ಟ ಬ್ಲೂಮ್ ಫಿಲ್ಟರ್ (ಕಂಡ ತುಣುಕುಗಳ ಅಡಕ ಗುರುತುಪಟ್ಟಿ) 'ಇದನ್ನು ಹಿಂದೆ ಕಂಡಿಲ್ಲ' ಎಂದರೆ ಡಿಸ್ಕ್‌ವರೆಗೆ ಹೋಗುವ ಪ್ರಮೇಯವೇ ಇಲ್ಲ. ಹಿಂದೆ ಕಂಡದ್ದಾದರೆ, ಅದರ ಜೊತೆಯಲ್ಲಿ ಬಂದು ಒಟ್ಟಿಗೆ ಬರೆಯಲಾಗಿದ್ದ ಅಕ್ಕಪಕ್ಕದ ತುಣುಕುಗಳ ಗುರುತುಗಳನ್ನೂ ಒಂದೇ ಸಲಕ್ಕೆ ಮೆಮೊರಿಗೆ ತರಲಾಗುತ್ತದೆ. ಏಕೆಂದರೆ ಮುಂದಿನ ತುಣುಕುಗಳೂ ಬಹುತೇಕ ಅದೇ ಸಾಲಿನಲ್ಲಿ ಬರುತ್ತವೆ. ಹೀಗೆ ಸೂಚಿಗಾಗಿ ಡಿಸ್ಕ್ ಮುಟ್ಟುವ ಸಂದರ್ಭಗಳಲ್ಲಿ ಶೇ. 99ರಷ್ಟು ತಪ್ಪುತ್ತವೆಂದು ಬೆಂಜಮಿನ್ ಝೂ, ಕೈ ಲೀ ಮತ್ತು ಹ್ಯೂಗೊ ಪ್ಯಾಟರ್ಸನ್ 2008ರ ಪ್ರಬಂಧದಲ್ಲಿ ತೋರಿಸಿದರು. ತಮ್ಮ ಕೈಚಳಕವನ್ನು ಹೀಗೆ ಊರಿಗೆಲ್ಲ ತೆರೆದಿಟ್ಟೂ ಗಿರಾಕಿಗಳನ್ನು ಉಳಿಸಿಕೊಂಡರೆಂಬುದು ನನಗೆ ಈಗಲೂ ಸೋಜಿಗ.

ಇಎಂಸಿ ಬಳಿ ಡಿಡುಪ್ಲಿಕೇಶನ್ ಇರಲಿಲ್ಲವೆಂದಲ್ಲ. 2006ರಲ್ಲೇ ಅದು ಅವಮಾರ್ ಕಂಪನಿಯನ್ನು ಕೊಂಡಿತ್ತು. ಆದರೆ ಅವಮಾರ್ ಬಳಸಬೇಕಾದರೆ ಬ್ಯಾಕಪ್ ತಂತ್ರಾಂಶವನ್ನೇ ಬದಲಿಸಬೇಕಿತ್ತು, ಡೇಟಾ ಡೊಮೈನ್ ಪೆಟ್ಟಿಗೆಯನ್ನು ಇರುವ ತಂತ್ರಾಂಶದ ಹಿಂದೆ ಟೇಪ್ ಇದ್ದ ಜಾಗದಲ್ಲೇ ಕೂರಿಸಬಹುದಿತ್ತು. ಅದು ನೆಟ್‌ಆ್ಯಪ್ ಪಾಲಾದರೆ ಗಿರಾಕಿಗಳ ಬಾಗಿಲಲ್ಲಿ ಎದುರಾಳಿ ನಿಂತಂತೆ ಎಂಬ ಭಯವೂ ಆ ಬೆಲೆಯಲ್ಲಿ ಸೇರಿತ್ತು, ನಿಜ. 2016ರಲ್ಲಿ ಇಎಂಸಿಯನ್ನು ಡೆಲ್ ಕೊಂಡ ಮೇಲೂ ಆ ಸಾಲಿನ ಯಂತ್ರಗಳು ಮಾರಾಟದಲ್ಲಿವೆ.

ಡೇಟಾ ಡೊಮೈನ್ ಸ್ವತಂತ್ರವಾಗಿಯೇ ಉಳಿಯಬೇಕಿತ್ತು ಎನ್ನುವ ವಾದದಲ್ಲಿ ನನಗೆ ಹುರುಳು ಕಾಣುವುದಿಲ್ಲ. ಡಿಡುಪ್ಲಿಕೇಶನ್ ಪ್ರತಿ ಬ್ಯಾಕಪ್ ತಂತ್ರಾಂಶದಲ್ಲೂ ಸೇರಿಹೋಗುವ ದಿನಗಳು ಹತ್ತಿರವಿದ್ದವು, ಒಂದೇ ಸರಕನ್ನು ನಂಬಿದ್ದ ಕಂಪನಿಗೆ ಅಂಥ ಜಿದ್ದಿನ ಗಿರಾಕಿಗಳು ಮತ್ತೆ ಸಿಗುವ ಖಾತ್ರಿಯಿರಲಿಲ್ಲ.