ಶೂಟಿಂಗಾ ಸಾರ್?

ಕರಿಬೇವು ತರಲು ಹೊರಟಿದ್ದೆ. ಅದಕ್ಕಿಂತ ದೊಡ್ಡ ಉದ್ದೇಶ ಆ ಬೆಳಿಗ್ಗೆ ನನಗಾಗಲಿ ನನ್ನ ಕಾರಿಗಾಗಲಿ ಇರಲಿಲ್ಲ. ಪಿ.ಬಿ. ರೋಡಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಬೈಕು ನಿಲ್ಲಿಸಿದ ಹುಡುಗನೊಬ್ಬ ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಕಾರನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡಿದ, ಆಮೇಲೆ ನನ್ನನ್ನು ನೋಡಿದ. "ಶೂಟಿಂಗಾ ಸಾರ್?" ಎಂದ.

ಈ ಪ್ರಶ್ನೆ ನನಗೆ ವಾರಕ್ಕೆ ಎರಡು ಸಲವಾದರೂ ಎದುರಾಗುತ್ತದೆ. ಪ್ರೀಮಿಯರ್ ಪದ್ಮಿನಿಯಂಥ ಹಳೇ ಕಾರೊಂದು ದಾವಣಗೆರೆಯ ಬೀದಿಗಿಳಿಯಲು ಜನ ಒಪ್ಪುವ ಕಾರಣಗಳು ಎರಡೇ. ಒಂದು ಸಿನಿಮಾ, ಇನ್ನೊಂದು ಮದುವೆಗೆ ಮುಂಚಿನ ಫೋಟೊ. ಎರಡನೆಯದಕ್ಕೆ ಮನೆ ಹುಡುಕಿಕೊಂಡೇ ಬರುತ್ತಾರೆ. "ಅರ್ಧ ದಿನ ಕೊಡ್ರಿ ಅಂಕಲ್, ಓಡ್ಸಲ್ಲ, ಬರೀ ಒರಗಿ ನಿಲ್ತೀವಿ" ಅನ್ನುತ್ತಾರೆ. ಓಡಿಸುವುದಿಲ್ಲ ಅನ್ನುವುದನ್ನು ಏನೋ ರಿಯಾಯಿತಿ ಕೊಟ್ಟ ಹಾಗೆ ಹೇಳುತ್ತಾರಲ್ಲ, ಅಲ್ಲೇ ನನಗೆ ಉರಿಯುವುದು. ಓಡಿಸುತ್ತೀವಿ ಅಂದಿದ್ದರೆ ಕೊಟ್ಟರೂ ಕೊಡುತ್ತಿದ್ದೆನೇನೋ. ಒರಗಿ ನಿಲ್ಲಲು ಊರಿನಲ್ಲಿ ಲೈಟ್ ಕಂಬಗಳಿಗೆ ಬರವೇ? ಒಬ್ಬ ನಿವೃತ್ತ ಮನುಷ್ಯ ಇದರಲ್ಲಿ ಕರಿಬೇವಿಗೆ ಹೋಗುತ್ತಾನೆ ಅನ್ನುವ ಮೂರನೇ ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. "ಇಲ್ಲಪ್ಪ, ಇದು ನನ್ನ ದಿನದ ಕಾರು. ಯಾಕೆ ಅಂದ್ರೆ..." ಅನ್ನುವಷ್ಟರಲ್ಲಿ ಹಸಿರು ಬಿತ್ತು, ಹಿಂದಿನವನು ಹಾರ್ನು ಒತ್ತಿದ, ಹುಡುಗ ಹೊರಟೇ ಹೋದ. ಅರ್ಧಕ್ಕೆ ನಿಂತ ಆ 'ಯಾಕೆ ಅಂದ್ರೆ'ಯನ್ನು ಪೂರ್ತಿ ಮಾಡೋಣ ಅಂತಲೇ ಈಗ ಬರೆಯಲು ಕೂತಿದ್ದೇನೆ.

ಮೊದಲು ಆಯ್ಕೆಯ ವಿಚಾರ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಕಾರಿನ ಸಾಲಕ್ಕೆ ಸಹಿ ಹಾಕಿದವನು ನಾನು. ನಿವೃತ್ತಿಯಾದ ಮೇಲೆ ಹಳೇ ಕಾರೇ ಬೇಕು, ಅದೂ ದಿನಾ ಓಡಿಸುವುದಕ್ಕೇ ಬೇಕು ಅಂತ ತಲೆಗೆ ಹತ್ತಿತು. ನಾನು ಹುಡುಗನಾಗಿದ್ದಾಗಿನ ದಾವಣಗೆರೆಯಲ್ಲಿ ಹತ್ತಿ ಸಾಹುಕಾರರು, ಮಂಡಿ ವರ್ತಕರು, ಸರ್ಕಾರದ ಸಾಹೇಬರು ಅಂಬಾಸಿಡರಿನಲ್ಲಿ ಓಡಾಡಿದರೆ ಡಾಕ್ಟರು, ವಕೀಲರು ಫಿಯೆಟ್ಟಿನಲ್ಲಿ ಓಡಾಡುತ್ತಿದ್ದರು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಇಟಲಿ ಗಾಡಿಗೆ ಪದ್ಮಿನಿ ಅಂತ ಹೆಸರಿಟ್ಟು ಎಷ್ಟು ವರ್ಷವಾದರೂ ನಮ್ಮ ಬಾಯಲ್ಲಿ ಅದು ಫಿಯೆಟ್ಟೇ. ಅಂಬಾಸಿಡರಿನಲ್ಲಿ ಅರ್ಧ ದಿಬ್ಬಣ ಕೂರಿಸಬಹುದು, ನಿಜ. ಆದರೆ ಮಂಡಿಪೇಟೆಯ ಗಲ್ಲಿಯಲ್ಲಿ ಅದನ್ನು ತಿರುಗಿಸುವುದು ಬಾವಿಯಿಂದ ನೀರು ಸೇದಿದ ಹಾಗೆ, ಭುಜವೇ ಬಿದ್ದುಹೋಗುತ್ತದೆ. ಅಲ್ಲದೆ ಬಿಳೀ ಅಂಬಾಸಿಡರ್ ಕಂಡರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಯಾರೋ ಇನ್‌ಸ್ಪೆಕ್ಷನ್ನಿಗೆ ಬಂದರು ಅಂತ. ಆ ಕಂಪನಿ 2014ರಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿತು, ನನ್ನ ಬೆನ್ನಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಅಂಥ ಭಯವನ್ನು ದುಡ್ಡು ಕೊಟ್ಟು ತಂದು ಮನೆ ಮುಂದೆ ನಿಲ್ಲಿಸಿಕೊಳ್ಳುವುದು ಬೇಡವೆನಿಸಿತು.

ಕಾರು ಸಿಕ್ಕಿದ್ದು ಚಿತ್ರದುರ್ಗದಲ್ಲಿ, ಹೊಳಲ್ಕೆರೆ ರಸ್ತೆಯ ಒಂದು ಮನೆಯ ಹುಣಸೆ ಮರದ ಕೆಳಗೆ. 1986ರದ್ದು. ನಾನು ಬಾನೆಟ್ ಎತ್ತಿ ಎಂಜಿನ್ನನ್ನು ತಿಳಿದವನಂತೆ ನೋಡುತ್ತಾ ನಿಂತಿದ್ದೆ. ಜತೆಗೆ ಕರೆದೊಯ್ದ ಮೇಸ್ತ್ರಿ ಅತ್ತ ತಿರುಗಿಯೂ ನೋಡದೆ ಒಳಗೆ ಹೋಗಿ ಕಾಲಡಿಯ ಮ್ಯಾಟು ಸುತ್ತಿದರು, ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ಹಲಸಿನ ಹಣ್ಣು ಬಡಿದ ಹಾಗೆ ಬಡಿಯುತ್ತಾ ಹೋದರು. "ಎಂಜಿನ್ ಯಾವಾಗ ಬೇಕಾದ್ರೂ ಕಟ್ಟಬಹುದು ಸಾರ್. ತಗಡು ಹೋತು ಅಂದ್ರೆ ಕಾರೇ ಹೋತು." ಹಳೇ ಕಾರಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ. ಮಂಗಳೂರು ಕಡೆಯ ಕಾರಾದರೆ ಮ್ಯಾಟು ಎತ್ತಿದಾಗ ನೆಲ ಕಾಣುತ್ತದಂತೆ. ದುರ್ಗದ ಕಾರಿನಲ್ಲಿ ತಗಡೇ ಇತ್ತು. ಮಳೆ ಬಾರದೆ ದುರ್ಗಕ್ಕೆ ಆಗಿರುವ ಉಪಕಾರ ಇಷ್ಟೇ ಇರಬೇಕು.

ಅರವತ್ತು ಕಿಲೋಮೀಟರ್ ದಾರಿಯಲ್ಲಿ ಭರಮಸಾಗರದವರೆಗೆ ನನಗೂ ಸ್ಟೀರಿಂಗಿನ ಪಕ್ಕದ ಹ್ಯಾಂಡ್ ಗೇರಿಗೂ ಜಗಳ, ಆನಗೋಡಿನ ಹೊತ್ತಿಗೆ ರಾಜಿ. ಕಾರು ಮನೆಗೆ ಬಂತು.

ಸುಖದ ವಿಷಯವನ್ನೂ ಹೇಳಿಬಿಡಬೇಕು. ಬಾಗಿಲ ಗಾಜಿನ ಮುಂದೆ ಒಂದು ಚಿಕ್ಕ ತ್ರಿಕೋನದ ಗಾಜಿದೆ, ಬಾಗಿಲು ತೆರೆದ ಹಾಗೆ ತೆರೆಯುತ್ತದೆ. ಅದನ್ನು ಸರಿಯಾದ ಕೋನಕ್ಕೆ ತಿರುಗಿಸಿಟ್ಟರೆ ಏಪ್ರಿಲ್ ತಿಂಗಳ ಹದಡಿ ರಸ್ತೆಯಲ್ಲೂ ಗಾಳಿ ನೇರ ಕೊರಳಿಗೇ ಬಂದು ಬೀಳುತ್ತದೆ. ಈಗಿನ ಕಾರುಗಳಲ್ಲಿ ಇದನ್ನು ತೆಗೆದುಹಾಕಿದ ಮಹಾನುಭಾವ ಯಾರೋ, ಸಿಕ್ಕರೆ ಒಂದೇ ಒಂದು ಮಧ್ಯಾಹ್ನ ಅವನನ್ನು ಎ.ಸಿ. ಕೆಟ್ಟ ಕಾರಿನಲ್ಲಿ ಹರಿಹರದವರೆಗೆ ಕೂರಿಸಿಕೊಂಡು ಹೋಗುವ ಆಸೆಯಿದೆ.

ಇನ್ನು ತಳ್ಳುವ ವಿಷಯ. ಇದನ್ನು ಎರಡು ಸಾಲಿನಲ್ಲಿ ಮುಗಿಸಬೇಕು ಅಂತಲೇ ಇದ್ದೇನೆ.

ಒಂದು ಭಾನುವಾರ ಜಯದೇವ ಸರ್ಕಲ್ ಹತ್ತಿರದ ದೋಸೆ ಹೋಟೆಲಿನ ಎದುರು ಕಾರು ನಿಂತುಹೋಯಿತು. ಬ್ಯಾಟರಿ ಪೂರ್ತಿ ಮಲಗಿತ್ತು, ಸೆಲ್ಫ್ ಹೊಡೆದರೆ ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು. ದಾವಣಗೆರೆಯಲ್ಲಿ ಕಾರು ತಳ್ಳಲು ಯಾರನ್ನೂ ಕರೆಯಬೇಕಾಗಿಲ್ಲ. ದೋಸೆಗೆ ಕಾಯುವವರಿಗೆ ಕೈಯಲ್ಲಿ ಕೆಲಸವಿರುವುದಿಲ್ಲ, ಆ ಕೆಂಡದ ಮೇಲಿನ ಹಂಚಿಗೆ ಯಾರ ಅವಸರವೂ ತಿಳಿಯುವುದಿಲ್ಲ. ಆರೇಳು ಜನ ಎದ್ದು ಬಂದರು. ಒಬ್ಬರು ಸೆಕೆಂಡ್ ಗೇರಿಗೆ ಹಾಕ್ರಿ ಅಂದರೆ, ಇನ್ನೊಬ್ಬರು ಥರ್ಡ್‌ನಾಗ ಬಿಡ್ರಿ ಅಂದರು. ಪಂಚೆ ಎತ್ತಿ ಕಟ್ಟಿದ ಹಿರಿಯರೊಬ್ಬರು "ಮೊದ್ಲು ಚೋಕ್ ಒಳಗ ತಳ್ರಿ, ವಾಸ್ನೆ ಹೊಡೀತೈತಿ" ಎಂದು ಗದರಿದರು. ಅವರು ಹೇಳಿದ್ದೇ ಸರಿ ಇತ್ತು. ತಳ್ಳಿದರು, ಕ್ಲಚ್ ಬಿಟ್ಟೆ, ಗಾಡಿ ಎರಡು ಸಲ ಬಿಕ್ಕಿ ಹೊತ್ತಿಕೊಂಡಿತು. ಕೈ ಹೊರಗೆ ಹಾಕಿ ಎಲ್ಲರಿಗೂ ಬೀಸಿ ಮುಂದೆ ಹೋದೆ.

ಐವತ್ತು ಮಾರು ಹೋದ ಮೇಲೆ ಕಂಡಿತು. ಬಾನೆಟ್ಟಿನ ಮೇಲೆ, ವೈಪರಿನ ಬುಡಕ್ಕೆ ಒತ್ತಿಕೊಂಡು, ನ್ಯೂಸ್ ಪೇಪರಿನಲ್ಲಿ ಕಟ್ಟಿದ ಒಂದು ಪಾರ್ಸಲ್. ದೋಸೆ ಕಟ್ಟಿಸಿಕೊಂಡು ಹೊರಟಿದ್ದ ಯಾರೋ ಪುಣ್ಯಾತ್ಮರು ಅದನ್ನು ಅಲ್ಲಿಟ್ಟು ನನ್ನ ಕಾರಿಗೆ ಹೆಗಲು ಕೊಟ್ಟಿದ್ದರು. ಬೆಣ್ಣೆ ಅದಾಗಲೇ ಪೇಪರಿನ ಮೇಲೆ ನಕ್ಷೆ ಬರೆಯತೊಡಗಿತ್ತು.

ಇಳಿದು ಕೊಡೋಣ ಅಂದರೆ ಇಳಿಯುವ ಹಾಗಿಲ್ಲ. ಆಗ ನನ್ನ ಕಾರಿಗೆ ಐಡ್ಲಿಂಗ್ ನಿಲ್ಲುತ್ತಿರಲಿಲ್ಲ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನು ಆರುತ್ತಿತ್ತು. ಸರ್ಕಲ್ ಸುತ್ತಿ ವಾಪಸ್ ಬಂದು ಹೋಟೆಲಿನ ಮುಂದೆ ನಿಧಾನ ಮಾಡಿ "ಯಾರ್ದ್ರೀ ಪಾರ್ಸಲ್?" ಎಂದು ಕೂಗಿದೆ. ಗಾಡಿಯ ಗಲಾಟೆಯಲ್ಲಿ ನನ್ನ ಮಾತು ಅವರಿಗೆ ಕೇಳಿಸಲಿಲ್ಲ, ಅವರಿಗೆ ಕಂಡದ್ದು ನಿಧಾನವಾದ ಕಾರು ಮಾತ್ರ. "ಮತ್ತೆ ನಿಂತ್ತು ಬರ್ರೋ" ಅಂತ ಒಬ್ಬ ಕೂಗಿದ್ದೇ ತಡ, ಎಂಟು ಜನ ಓಡಿ ಬಂದು ಚಾಲೂ ಇರುವ ಕಾರನ್ನು ತಳ್ಳಿದರು. ತಳ್ಳಿಸಿಕೊಂಡು ಮುಂದೆ ಹೋದೆ. ಇನ್ನೊಂದು ಸುತ್ತು ಬಂದೆ, ಇನ್ನೊಮ್ಮೆ ಕೂಗಿದೆ. ಈ ಸಲ ತಳ್ಳುವವರಲ್ಲಿ ಹೋಟೆಲಿನ ಸಪ್ಲಯರ್ ಹುಡುಗನೂ ಸೇರಿದ್ದ, ಕೈಯಲ್ಲಿ ಚಟ್ನಿಯ ಬಕೆಟ್ಟು ಹಾಗೇ ಇತ್ತು. ಮೂರನೇ ಸುತ್ತಿನಲ್ಲಿ ಸರ್ಕಲ್ಲಿನ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. ಒಂದೇ ಜಾಗ ಸುತ್ತುತ್ತಿರುವ ಹಳೇ ಕಾರು, ಬಾನೆಟ್ ಮೇಲೆ ಪೊಟ್ಟಣ, ಹಿಂದೆ ಓಡಿಬರುವ ಜನ. ಅವರು ಕಿಟಕಿಗೆ ಬಗ್ಗಿ ದನಿ ತಗ್ಗಿಸಿ ಕೇಳಿದರು: "ಶೂಟಿಂಗಾ? ಪರ್ಮಿಷನ್ ತಗೊಂಡೀರಾ?"

ಮನೆಗೆ ಬಂದೆ. ಎಂಜಿನ್ನಿನ ಕಾವಿಗೆ ದೋಸೆ ಇನ್ನೂ ಬಿಸಿಯಾಗೇ ಇತ್ತು. ನನ್ನ ಕಾರಿನ ಬಗ್ಗೆ ಧೈರ್ಯವಾಗಿ ಹೊಗಳಬಹುದಾದ ಅಂಶಗಳಲ್ಲಿ ಇದೂ ಒಂದು. ಪೊಟ್ಟಣ ಬಿಚ್ಚಿದರೆ ಎರಡು ಬೆಣ್ಣೆ ದೋಸೆ, ಒಂದು ಓಪನ್ ದೋಸೆ, ಒಂದು ಬೆಣ್ಣೆಯಿಲ್ಲದ ಖಾಲಿ ದೋಸೆ. ನನ್ನ ಹೆಂಡತಿ ಅದನ್ನು ಜಾತಕ ನೋಡಿದ ಹಾಗೆ ನೋಡಿ ಹೇಳಿದಳು: "ಗಂಡ ಹೆಂಡ್ತಿಗೆ ಬೆಣ್ಣೆ. ಓಪನ್ನು ಕಾಲೇಜಿಗೆ ಹೋಗೋ ಮಗಂದು. ಖಾಲಿ ಇರೋದು ಅತ್ತೆಗೆ, ಡಾಕ್ಟ್ರು ಬೆಣ್ಣೆ ಬ್ಯಾಡ ಅಂದಿರ್ತಾರೆ. ಪಾಪ, ಆ ಮುದುಕಿ ಬಾಗ್ಲು ನೋಡ್ಕೊಂಡು ಕೂತಿರ್ತಾಳೆ. ನಿಮ್ಮ ಕಾರಿಂದ ಒಂದು ಮನೇನೇ ಉಪವಾಸ ಬಿತ್ತು." ಅಷ್ಟು ಹೇಳಿ ಓಪನ್ ದೋಸೆಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ತಣ್ಣಗಾದರೆ ಯಾರಿಗೂ ಇಲ್ಲವಲ್ಲ ಅನ್ನುವ ನ್ಯಾಯ ಅವಳದು. ಖಾಲಿ ದೋಸೆಯನ್ನು ಮಾತ್ರ ಇಬ್ಬರಿಂದಲೂ ಮುಟ್ಟಲಾಗಲಿಲ್ಲ. ಸಂಜೆ ಬೀದಿಯ ನಾಯಿಗೆ ಹಾಕಿದೆವು. ಬೆಣ್ಣೆಯಿಲ್ಲ ಅಂತಲೋ ಏನೋ, ಅದು ಮೂಸಿ ಹೋಯಿತು.

ಮುಂದಿನ ಭಾನುವಾರ ಅದೇ ನಾಲ್ಕು ದೋಸೆ ಕಟ್ಟಿಸಿಕೊಂಡು ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತೆ. ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರದೊಳಗೆ ಸುದ್ದಿ ಪಿ.ಜೆ. ಬಡಾವಣೆ ದಾಟಿತ್ತು, ಹಕ್ಕುದಾರರು ಹುಟ್ಟಿಕೊಂಡಿದ್ದರು. "ನಂದೇ ಸಾರ್ ಅದು" ಅಂತ ಈವರೆಗೆ ಐದು ಜನ ಬಂದಿದ್ದಾರೆ. ಸಾಲದ ಅರ್ಜಿ ನೋಡಿ ಪಳಗಿದ ಮನುಷ್ಯ ನಾನು. ಒಳಗೆ ಏನೇನಿತ್ತು ಹೇಳ್ರಿ ಅನ್ನುತ್ತೇನೆ. ನಾಲ್ಕು ಬೆಣ್ಣೆ ಅಂದರು, ಆರು ಬೆಣ್ಣೆ ಅಂದರು, ಒಬ್ಬ ಜತೆಗೆ ಮಿರ್ಚಿನೂ ಇತ್ತು ಅಂದ. ಖಾಲಿ ದೋಸೆಯ ಮಾತೆತ್ತಿದವರು ಇನ್ನೂ ಒಬ್ಬರೂ ಬಂದಿಲ್ಲ.

ಎಲ್ಲಿದ್ದೆ? ದಿನಬಳಕೆ. ಹೌದು, ಕಷ್ಟಗಳಿವೆ. ಅವುಗಳಲ್ಲಿ ಕಾರಿನದು ಕಡಿಮೆ, ಲೋಕದ್ದೇ ಹೆಚ್ಚು. ನನ್ನ ಗಾಡಿಯ ನಂಬರು ಕೆ.ಎ. ಹುಟ್ಟುವ ಮುಂಚಿನದು, ಮೂರು ಅಕ್ಷರ, ನಾಲ್ಕು ಅಂಕಿ. ಮೊಬೈಲಿನ ಯಾವ ಫಾರಂ ತುಂಬಲು ಹೋದರೂ ಸರಿಯಾದ ಸಂಖ್ಯೆ ನಮೂದಿಸಿ ಅನ್ನುತ್ತದೆ. ಸರಿಯಾದದ್ದೇ ಕಣಪ್ಪ, ನೀನು ಹುಟ್ಟಿರಲಿಲ್ಲ ಅಷ್ಟೆ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಹಸಿರು ತೆರಿಗೆ. ನನ್ನ ವಯಸ್ಸಿನವರಿಗೆ ಪಿಂಚಣಿಗೆ ವರ್ಷಾ ವರ್ಷಾ ಬದುಕಿದ್ದೇನೆ ಅಂತ ಬರೆದುಕೊಡುವ ಅಭ್ಯಾಸ ಇರುವುದರಿಂದ ಇದು ಅಷ್ಟು ಹೊಸದೆನಿಸುವುದಿಲ್ಲ.

ಪೆಟ್ರೋಲಿನದು ಬೇರೆ ಕಥೆ. ಈಗ ಅದರಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತು ಬರುತ್ತದೆ. ಅದು ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರಿಗೂ ಅದಕ್ಕೂ ಆಗಿಬರುವುದಿಲ್ಲ. ನನ್ನ ಕಾರಿನ ಪೆಟ್ರೋಲ್ ಪೈಪು ನೆನೆಸಿದ ಕಡಲೆಯ ಹಾಗೆ ಉಬ್ಬಿಕೊಂಡಿತ್ತು. ಹೊಸ ಪೈಪು ಹಾಕುತ್ತಾ ಮೇಸ್ತ್ರಿ "ಈಗ ಅದನ್ನ ಮೆಕ್ಕೆಜೋಳದಿಂದಾನೂ ಮಾಡ್ತಾರೆ ಸಾರ್" ಅಂದರು. ನಮ್ಮ ಜಿಲ್ಲೆಯಲ್ಲಿ ಯಾವ ದಿಕ್ಕಿಗೆ ಹೊರಟರೂ ಮೆಕ್ಕೆಜೋಳವೇ, ನನ್ನ ಭಾವಮೈದುನನೇ ಜಗಳೂರು ಕಡೆ ಎಂಟು ಎಕರೆ ಹಾಕಿದ್ದಾನೆ. ಹಬ್ಬಕ್ಕೆ ಬಂದಾಗ ಅವನ ಮುಖ ನೋಡಿದ ಕೂಡಲೇ ನನಗೆ ಪೈಪು ನೆನಪಾಯಿತು. ಏನೂ ಅನ್ನಲಿಲ್ಲ. ಹೋಳಿಗೆಗೆ ತುಪ್ಪ ಬಡಿಸುವುದನ್ನು ಮಾತ್ರ ಸ್ವಲ್ಪ ತಡ ಮಾಡಿದೆ.

ಎಲ್ಲಕ್ಕಿಂತ ನಗು ತರಿಸುವುದು 2021ರ ನಿಯಮ. ಐವತ್ತು ತುಂಬಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಿಕೊಳ್ಳಬಹುದು, ಬೇರೆಯದೇ ನಂಬರು ಕೊಡುತ್ತಾರೆ, ಮರ್ಯಾದೆ. ಆದರೆ ಅಲ್ಲಿಂದಾಚೆಗೆ ದಿನಬಳಕೆಗೆ ರಸ್ತೆಗಿಳಿಸುವ ಹಾಗಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ಹೋಗಿಬರಬಹುದು ಅಷ್ಟೆ. ನನ್ನದಕ್ಕೆ 2036ಕ್ಕೆ ಐವತ್ತು. ಹಾರ ಹಾಕಿ, ಶಾಲು ಹೊದಿಸಿ, ಇನ್ನು ಮೂಲೆಯಲ್ಲಿ ಕೂತಿರಿ ಅನ್ನುವುದು. ಬೀಳ್ಕೊಡುಗೆಯ ದಿನ ನನಗೂ ಹಾಗೇ ಅಂದಿದ್ದರು. ಶಾಲು ಚೆನ್ನಾಗಿತ್ತು, ಅದರಿಂದಲೇ ಈಗ ಬಾನೆಟ್ ಒರೆಸುತ್ತೇನೆ.

ಹುಡುಗನಿಗೆ ಹೇಳಬೇಕಾದದ್ದು ಇನ್ನೂ ಬಾಕಿ ಇದೆ. ಇಷ್ಟೆಲ್ಲ ಇದ್ದೂ ದಿನಾ ಬೆಳಿಗ್ಗೆ ಚೋಕ್ ಎಳೆದು, ಎರಡು ಸಲ ಆಕ್ಸಿಲರೇಟರ್ ತುಳಿದು, ಸೆಲ್ಫ್ ಹೊಡೆದು ಕಿವಿ ಕೊಟ್ಟು ಕೂರುತ್ತೇನಲ್ಲ, ಯಾಕೆ ಅಂದ್ರೆ...

ಹೊರಗೆ ಯಾರೋ ಗೇಟು ಬಡಿಯುತ್ತಿದ್ದಾರೆ. ಕಿಟಕಿಯಿಂದ ಕಾಣುತ್ತದೆ, ಇಬ್ಬರು ಹುಡುಗರು, ಒಬ್ಬನ ಕೊರಳಲ್ಲಿ ಕ್ಯಾಮೆರಾ. ಒರಗಿ ನಿಲ್ಲುವ ಪೈಕಿಯೇ ಇರಬೇಕು. ಇನ್ನೊಬ್ಬ ಆಗಲೇ ಕೈಯಲ್ಲಿದ್ದ ಚೀಲವನ್ನು ಬಾನೆಟ್ಟಿನ ಮೇಲೆ ಇಟ್ಟಾಯಿತು.