ಪೇಪರ್ ಮಾಡಿಸೋದು, ಪೇಪರ್ ಕಳಿಸೋದು

ನಮ್ಮ ಕಡೆ ಪಿಎಚ್.ಡಿ. ಮಾಡುವವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಪೇಪರ್ ಮಾಡಿಸಿದ್ಯಾ?’ ಪೇಪರ್ ಅಂದರೆ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಗುವ ಸಂಶೋಧನಾ ಲೇಖನ. ಮಾಡಿದ್ಯಾ ಅಂತಲ್ಲ, ಮಾಡಿಸಿದ್ಯಾ. ಝೆರಾಕ್ಸ್ ಮಾಡಿಸಿದ ಹಾಗೆ, ಬೈಂಡಿಂಗ್ ಮಾಡಿಸಿದ ಹಾಗೆ. ಊರಲ್ಲಿದ್ದಾಗ ಈ ಮಾತು ಕಿವಿಗೆ ಚುಚ್ಚಿರಲಿಲ್ಲ. ನೆದರ್ಲೆಂಡ್ಸ್‌ಗೆ ಬಂದು ಆರು ವರ್ಷವಾದ ಮೇಲೆ ಆ ‘ಇಸು’ ನನ್ನನ್ನು ಬಿಡದೆ ಕಾಡುತ್ತಿದೆ.

2017ರಲ್ಲಿ ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನವಾದರೂ ವಿದ್ವತ್ ಪತ್ರಿಕೆಯಲ್ಲಿ ಬಂದಿರಬೇಕು ಅನ್ನೋದು ಆಗಿನ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ. ಹೇಗೆ ಬರೆಯಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಸೀನಿಯರ್ ಒಬ್ಬರು ಒಂದು ಇಮೇಲ್ ವಿಳಾಸ ಕೊಟ್ಟರು. ಸೋಮವಾರ ಸಂಜೆ ಕಳಿಸಿದೆ. ಬುಧವಾರ ಬೆಳಿಗ್ಗೆ ‘ಸ್ವೀಕಾರವಾಗಿದೆ’ ಅಂತ ಉತ್ತರ ಬಂತು, ಜೊತೆಗೆ ಬ್ಯಾಂಕ್ ಖಾತೆ ನಂಬರು. ಎರಡೂವರೆ ಸಾವಿರ ರೂಪಾಯಿ ಕಟ್ಟಿದೆ. ಅಚ್ಚಾದಾಗ ನೋಡಿದರೆ ನನ್ನ ಲೇಖನದಲ್ಲಿ ಒಂದು ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ. ಯಾರೂ ಓದಿರಲೇ ಇಲ್ಲ.

ಮರುವರ್ಷ, 2018ರ ಮೇ ತಿಂಗಳಲ್ಲಿ, ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ನನ್ನ ಲೇಖನ ಬಂದಿದ್ದ ಪತ್ರಿಕೆಯೂ ಅದರಲ್ಲಿತ್ತು. ದುಡ್ಡು ಹೋಗಿದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಹಾವೇರಿ ಕಡೆ ಎರಡು ಮುಂಗಾರು ಹೊಲದಲ್ಲಿ ನಿಂತು ರಾಗಿ ಬೆಳೆಯ ಬಗ್ಗೆ ಬರೆದುಕೊಂಡ ಅಂಕಿಗಳಿಗೆ ಒಬ್ಬ ಓದುಗನೂ ಸಿಗಲಿಲ್ಲವಲ್ಲ, ಆ ಸಂಕಟ ದೊಡ್ಡದು.

ಅದೇ ಅಂಕಿಗಳನ್ನು ಹಿಡಿದುಕೊಂಡು ವಾಗೆನಿಂಗನ್‌ಗೆ ಬಂದೆ. ಕೃಷಿ ಸಂಶೋಧನೆಗೆ ಹೆಸರಾದ ಸಣ್ಣ ಊರು. ಇಲ್ಲಿ ಗೈಡ್‌ಗೆ ಪ್ರೊಮೋಟರ್ ಅಂತಾರೆ. ನನ್ನ ಪ್ರೊಮೋಟರ್ ಮೊದಲ ದಿನ ಲೇಖನದ ಬಗ್ಗೆ ಮಾತೇ ಎತ್ತಲಿಲ್ಲ. ‘ಇದನ್ನು ಯಾರು ಓದಬೇಕು ಅಂತ ನಿನ್ನ ಆಸೆ?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮೂರು ಪತ್ರಿಕೆಗಳ ಹೆಸರು ಕೊಟ್ಟು, ಒಂದೊಂದರದ್ದೂ ಕಳೆದ ವರ್ಷದ ಸಂಚಿಕೆಗಳನ್ನು ಓದಿಕೊಂಡು ಬಾ ಅಂದರು. ಆಮೇಲೆ ಒಂದು ಮಧ್ಯಾಹ್ನ ಪೂರ್ತಿ ಪಕ್ಕದಲ್ಲಿ ಕೂತು ಸಂಪಾದಕರಿಗೆ ಬರೆಯುವ ಪತ್ರ ಬರೆಸಿದರು. ಒಂದೇ ಪುಟ. ಏನು ಕಂಡುಕೊಂಡೆ, ನಿಮ್ಮ ಓದುಗರಿಗೆ ಅದು ಯಾಕೆ ಬೇಕು, ಇದನ್ನು ಬೇರೆಲ್ಲೂ ಕಳಿಸಿಲ್ಲ. ಅಷ್ಟೇ. ಆ ಒಂದು ಪುಟಕ್ಕೆ ನಾಲ್ಕು ಗಂಟೆ ಹಿಡಿಯಿತು.

ಸಲ್ಲಿಕೆಯ ಫಾರ್ಮ್‌ನಲ್ಲಿ ನಾನು ಸಿಕ್ಕಿಹಾಕಿಕೊಂಡದ್ದು ಹೆಸರಿನ ಹತ್ತಿರ. ಮನೆತನದ ಹೆಸರು ತುಂಬದೆ ಅದು ಮುಂದೆ ಹೋಗಲು ಬಿಡುವುದಿಲ್ಲ. ನಮ್ಮ ಕಡೆ ಎಷ್ಟೋ ಜನರಿಗೆ ಇರುವುದು ಇನಿಷಿಯಲ್ಲು, ಹೆಸರು, ಅಷ್ಟೇ ಅಲ್ವಾ? ಕೊನೆಗೆ ಅಪ್ಪನ ಹೆಸರು ಹಾಕಿದೆ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಈಗ ಯಾರಾದರೂ ನನ್ನ ಲೇಖನವನ್ನು ಉಲ್ಲೇಖಿಸಿದರೆ ಅಲ್ಲಿ ಇರುವುದು ಅವರ ಹೆಸರು. ನನಗೆ ಅದು ಇಷ್ಟ. ಆದರೆ ಹೊಸಬರಿಗೆ ಒಂದು ಮಾತು: ಯಾವ ಹೆಸರು ಹಾಕುತ್ತೀರೋ ಕೊನೆತನಕ ಅದನ್ನೇ ಹಾಕಿ, ಮತ್ತು ಮೊದಲೇ ಆರ್ಕಿಡ್ (ORCID) ಐಡಿ ಮಾಡಿಕೊಳ್ಳಿ. ಹದಿನಾರು ಅಂಕಿಯ ಗುರುತು ಅದು, ಪುಕ್ಕಟೆ ಸಿಗುತ್ತದೆ. ನಾಲ್ಕು ಕಡೆ ನಾಲ್ಕು ಥರ ಹೆಸರು ಬಂದರೂ ಎಲ್ಲ ಒಬ್ಬರದ್ದೇ ಅಂತ ತಿಳಿಯುತ್ತದೆ.

ನಾಲ್ಕು ತಿಂಗಳಾದ ಮೇಲೆ ವಿಮರ್ಶಕರ, ಅಂದರೆ ಅಚ್ಚಿಗೆ ಮೊದಲು ಲೇಖನವನ್ನು ಓದಿ ಪರಿಶೀಲಿಸುವ ಅದೇ ಕ್ಷೇತ್ರದ ತಜ್ಞರ, ಟಿಪ್ಪಣಿ ಬಂತು. ಇಬ್ಬರು ಸೇರಿ 31 ತಕರಾರು ಎತ್ತಿದ್ದರು. ಓದಿ ನನಗೆ ಕೈಕಾಲೇ ಆಡಲಿಲ್ಲ, ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಹೇಳಿದಾಗ ಪ್ರೊಮೋಟರ್ ಮುಖ ಅರಳಿತು. ‘ಇಷ್ಟು ಕಷ್ಟಪಟ್ಟು ಓದಿದ್ದಾರಲ್ಲ!’ ಅಂದರು. ಎರಡು ಕಾಲಂ ಹಾಕಿಸಿದರು. ಎಡಗಡೆ ವಿಮರ್ಶಕರ ಮಾತು, ಒಂದಕ್ಷರ ಬಿಡದೆ. ಬಲಗಡೆ ನಮ್ಮ ಉತ್ತರ, ಯಾವ ಪುಟದ ಯಾವ ಸಾಲಿನಲ್ಲಿ ಏನು ಬದಲಾಯಿಸಿದ್ದೇವೆ ಅಂತ. ಅವರು ಹೇಳಿದ್ದು ಸರಿಯಿದ್ದರೆ ತಿದ್ದು, ತಪ್ಪಿದ್ದರೆ ಅಂಕಿ ಇಟ್ಟು ತಪ್ಪು ಅಂತ ಹೇಳು ಅಂದರು. ದೊಡ್ಡವರಿಗೆ ‘ನೀವು ಹೇಳಿದ್ದು ಸರಿಯಿಲ್ಲ’ ಅಂತ ಬರೆಯಲು ನನ್ನ ಕೈ ನಡುಗಿತು. ನಾವು ಬೆಳೆದದ್ದೇ ಹಾಗೆ. ಸರ್ ಹೇಳಿದ ಮೇಲೆ ಮುಗಿಯಿತು.

ಹದಿನೇಳನೇ ತಕರಾರು ನನಗೆ ಇವತ್ತಿಗೂ ನೆನಪಿದೆ. ನನ್ನ ವಿಷಯ ಗುಳಿ ರಾಗಿ. ಹಾವೇರಿ ಕಡೆ ಕೆಲವು ರೈತರು ಗೆರೆ ಹಾಕಿ, ಸಾಲು ಸಾಲಿಗೂ ಗಿಡ ಗಿಡಕ್ಕೂ ಧಾರಾಳ ಜಾಗ ಬಿಟ್ಟು, ಗುಳಿಯಲ್ಲಿ ಪೈರು ನೆಡುತ್ತಾರೆ. ಎಳೆ ಪೈರಿನ ಮೇಲೆ ಕೊರಡು, ಅಂದರೆ ಮರದ ತುಂಡು, ಎಳೆಯುತ್ತಾರೆ. ಪೈರು ಬಾಗಿ, ತೆಂಡೆ (ಬುಡದಿಂದ ಬರುವ ಕವಲು) ಜಾಸ್ತಿ ಒಡೆಯುತ್ತದೆ. ವಿಮರ್ಶಕರು ಕೇಳಿದ್ದು: ‘ಎಳೆ ಪೈರನ್ನು ಬಾಗಿಸಿದರೆ ಬೆಳೆಗೆ ಪೆಟ್ಟಾಗುವುದಿಲ್ಲವೇ? ಆಧಾರ ಏನು?’ ನಾನು ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ. ಎಲ್ಲರಿಗೂ ಗೊತ್ತಿರುವ ವಿಷಯ ಅಂದುಕೊಂಡಿದ್ದೆ. ಊರಿಗೆ ಫೋನ್ ಮಾಡಿದೆ. ಎಷ್ಟನೇ ದಿನಕ್ಕೆ ಕೊರಡು, ಮಣ್ಣು ಎಷ್ಟು ಹಸಿ ಇರಬೇಕು, ಮಳೆ ತಡವಾದರೆ ಏನು ಮಾಡುತ್ತಾರೆ, ಎಲ್ಲ ಕೇಳಿ ಬರೆದುಕೊಂಡೆ. ಎರಡು ಸಾಲು ಒಂದೂವರೆ ಪುಟವಾಯಿತು. ಲೇಖನದಲ್ಲಿ ಈಗ ಅದೇ ಒಳ್ಳೆಯ ಭಾಗ. ಆ ರೈತರ ಹೆಸರುಗಳು ಕೃತಜ್ಞತೆಯಲ್ಲಿ ಅಚ್ಚಾಗಿವೆ. ನನ್ನ ಮೊದಲ ಪತ್ರಿಕೆ ಎರಡು ದಿನದಲ್ಲಿ ಒಪ್ಪಿಕೊಂಡಾಗ ನಾನು ಕಳೆದುಕೊಂಡದ್ದು ಈ ಒಂದೂವರೆ ಪುಟವನ್ನು.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ದುಡ್ಡಿನ ವಿಷಯದಲ್ಲಿ ಈ ಲೋಕ ಬಹಳ ಅನ್ಯಾಯದ್ದು. ಲೇಖನವನ್ನು ಯಾರು ಬೇಕಾದರೂ ಪುಕ್ಕಟೆ ಓದುವ ಹಾಗೆ ತೆರೆದಿಡಲು ಎಷ್ಟೋ ಪತ್ರಿಕೆಗಳು ಬರೆದವರಿಂದಲೇ ದುಡ್ಡು ಕೇಳುತ್ತವೆ. ಡಚ್ ವಿಶ್ವವಿದ್ಯಾಲಯಗಳು ದೊಡ್ಡ ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡಿರುವುದರಿಂದ, ಲೇಖನ ಎಲ್ಲರಿಗೂ ತೆರೆದಿರಲಿ ಅಂತ ನಾನು ಆರಿಸಿಕೊಂಡರೂ ಬಹಳಷ್ಟು ಕಡೆ ನನ್ನ ಜೇಬಿಗೆ ಕೈ ಹಾಕಬೇಕಾಗಿಲ್ಲ. ಅದೇ ‘ನೇಚರ್’ ಪತ್ರಿಕೆ 2021ರಲ್ಲಿ ಈ ಆಯ್ಕೆ ತಂದಾಗ ಇಟ್ಟ ಬೆಲೆ 9,500 ಯೂರೋ, ಅಂದರೆ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ನಮ್ಮಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಸಿಗುವ ಫೆಲೋಶಿಪ್ಪು, ಜೆಆರ್‌ಎಫ್, ತಿಂಗಳಿಗೆ 37,000 ರೂಪಾಯಿ. ಹತ್ತಿರ ಹತ್ತಿರ ಎರಡು ವರ್ಷದ ಫೆಲೋಶಿಪ್ಪು ಒಂದು ಲೇಖನಕ್ಕೆ! ಭಾರತ ಸರ್ಕಾರ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿದೆ. ಸರ್ಕಾರಿ ಕಾಲೇಜಿನ ಹುಡುಗಿಯೂ ಈಗ ದೊಡ್ಡ ಪತ್ರಿಕೆಗಳನ್ನು ಓದಬಹುದು, ಅದು ತುಂಬ ಒಳ್ಳೆಯದು. ಆದರೆ ಓದುವ ಬಾಗಿಲು ತೆರೆದ ಮಾತ್ರಕ್ಕೆ ಕಳಿಸುವುದು ತಾನಾಗಿ ಬರುವುದಿಲ್ಲ.

ಹಾಗಂತ ಕಳಿಸುವುದು ನಮಗೆ ಹೊಸದೇನೂ ಅಲ್ಲ. 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ತಮ್ಮ ಹೊಸ ಬೆಳಕಿನ ವಿಷಯವನ್ನು ಬೆಂಗಳೂರಿನ ಸಭೆಯಲ್ಲಿ ಹೇಳಿದರು. ಆ ಮಾತು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಯಿತು. ಅದರ ಪ್ರತಿಗಳು ಅಂಚೆಯಲ್ಲಿ ದೇಶದೇಶದ ವಿಜ್ಞಾನಿಗಳಿಗೆ ಹೋದವು. ಯಾರು ಓದಬೇಕು ಅಂತ ಅವರಿಗೆ ಗೊತ್ತಿತ್ತು. ಮುಂದೆ 1934ರಲ್ಲಿ ಬೆಂಗಳೂರಿನಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿ, ಅದಕ್ಕೆ ಪತ್ರಿಕೆಯನ್ನೂ ಶುರುಮಾಡಿದರು. ‘ಕರೆಂಟ್ ಸೈನ್ಸ್’ 1932ರಿಂದ ಬೆಂಗಳೂರಿನಿಂದಲೇ ಬರುತ್ತಿದೆ. ಇಂಥ ಪತ್ರಿಕೆಗಳು ಬಸ್ ಹತ್ತಿ ಹೋಗುವಷ್ಟು ಹತ್ತಿರ ಇರುವಾಗ ನಮ್ಮ ಮಕ್ಕಳು ಗೊತ್ತಿಲ್ಲದ ಖಾತೆಗೆ ದುಡ್ಡು ಕಟ್ಟುತ್ತಿದ್ದಾರಲ್ಲ ಅಂತ ಹೊಟ್ಟೆ ಉರಿಯುತ್ತದೆ.

2022ರ ಹೊಸ ನಿಯಮದಲ್ಲಿ ಯುಜಿಸಿ, ಪ್ರಬಂಧಕ್ಕೆ ಮೊದಲು ಲೇಖನ ಬಂದಿರಲೇಬೇಕು ಅನ್ನುವ ಕಡ್ಡಾಯವನ್ನು ತೆಗೆಯಿತು. 2025ರಲ್ಲಿ ಒಳ್ಳೆಯ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನೂ ನಿಲ್ಲಿಸಿತು. ಯಾವ ಪತ್ರಿಕೆ ಒಳ್ಳೆಯದು ಅಂತ ಇನ್ನು ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಬೇಕು. ಕೆಲವರಿಗೆ ಇದು ಭಯ ಹುಟ್ಟಿಸಿದೆ. ನನಗೆ ಇದು ಒಳ್ಳೆಯ ಸಮಯ ಅನಿಸುತ್ತದೆ. ಗೈಡ್ ಆಗಿರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಒಂದೇ. ಹೊಸ ಕೋರ್ಸ್ ಬೇಡ, ಸುತ್ತೋಲೆ ಬೇಡ. ನಿಮ್ಮ ವಿದ್ಯಾರ್ಥಿಯ ಪಕ್ಕ ಒಂದು ಮಧ್ಯಾಹ್ನ ಕೂತುಕೊಳ್ಳಿ. ನಿಮಗೆ ಬಂದ ತಿರಸ್ಕಾರದ ಪತ್ರಗಳನ್ನು ಮುಚ್ಚಿಡಬೇಡಿ, ತೆಗೆದು ತೋರಿಸಿ. ನನ್ನ ಪ್ರೊಮೋಟರ್ ಮೂವತ್ತು ವರ್ಷದ ಅಂಥ ಪತ್ರಗಳ ಒಂದು ಫೈಲ್ ಇಟ್ಟಿದ್ದಾರೆ. ಅದನ್ನು ಓದಿದ ಮೇಲೆಯೇ ನನ್ನ ಭಯ ಹೋಗಿದ್ದು.

ನನ್ನ ಹತ್ತಿರ ಈಗ ಅಂಥ ತಿರಸ್ಕಾರದ ಪತ್ರ ಒಂಬತ್ತು ಇವೆ. ಆ 31 ತಕರಾರು, ಅವುಗಳ ಉತ್ತರದ ಎರಡು ಕಾಲಂ ಕೂಡ ಇವೆ. ಊರಿನ ಕಡೆಯ ನಾಲ್ಕು ವಿದ್ಯಾರ್ಥಿಗಳು ಈಗಾಗಲೇ ಕೇಳಿ ಪಡೆದಿದ್ದಾರೆ. ಬೇಕಾದವರು ಸಂಕೋಚ ಬಿಟ್ಟು ಕೇಳಿ, ಕಳಿಸಿಕೊಡುತ್ತೇನೆ.